ಹದಿನಾರರ ಬಸಿರು: ಹಳೇ ದಾವಣಗೆರೆಯ ಕತೆ ಬರೆಯುವವರಿಗೆ ಬೇಕಾದ ಹಿನ್ನೆಲೆ

1975ರ ದಾವಣಗೆರೆ. ಒಂದೇ ಓಣಿಯಲ್ಲಿ ಹದಿನಾರರ ಇಬ್ಬರು ಹುಡುಗಿಯರು ಬಸಿರಾಗಿದ್ದಾರೆ ಅಂದುಕೊಳ್ಳಿ. ಒಬ್ಬಳಿಗೆ ಸೋದರಮಾವನ ಜೊತೆ ಮದುವೆಯಾಗಿ ಒಂದು ವರ್ಷ. ಏಳನೇ ತಿಂಗಳಿಗೆ ಅವಳಿಗೆ ಕುಬುಸ ಮಾಡುತ್ತಾರೆ, ಹಸಿರು ಬಳೆ ತೊಡಿಸುತ್ತಾರೆ, ಬಯಕೆ ಏನೆಂದು ಕೇಳಿ ಕೇಳಿ ಮಾಡಿ ಹಾಕುತ್ತಾರೆ. ಇನ್ನೊಬ್ಬಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ, ಕೊರಳಲ್ಲಿ ತಾಳಿ ಇಲ್ಲ. ಅವಳ ಅವ್ವ ಬಾಗಿಲು ಹಾಕಿಕೊಂಡು ಕೇಳುವ ಮೊದಲ ಮಾತು, ‘ಯಾರ್ದು?’

ಇಬ್ಬರದೂ ಪೂರ್ತಿ ಬೆಳೆಯದ ಮೈ. ಸೊಂಟದ ಎಲುಬು ಇನ್ನೂ ಅಗಲವಾಗಬೇಕಾದ ವಯಸ್ಸಿನಲ್ಲಿ ಮಗು ಹೊರಬರದೆ ಹೆರಿಗೆ ಸಿಕ್ಕಿಕೊಳ್ಳುವ ಭಯ, ರಕ್ತಹೀನತೆ, ಬಿಪಿ ಏರಿ ಬಸಿರುನಂಜು ಬರುವ ಅಪಾಯ, ಎರಡೂವರೆ ಕೆ.ಜಿ.ಗೂ ಕಡಿಮೆ ತೂಕದ ಮಗು, ಇವೆಲ್ಲ ಇಬ್ಬರಿಗೂ ಸಮ. ಆ ಕಾಲದ ಕಣ್ಣಿಗೆ ಈ ಅಪಾಯಗಳು ಬೀಳಲೇ ಇಲ್ಲ. ಬಿದ್ದದ್ದು ತಾಳಿ ಮಾತ್ರ. ಹದಿಹರೆಯದವರಿಗಾಗಿ ಆ ಕಾಲದ ಕಾದಂಬರಿ ಬರೆಯಲು ಕೂತವರು ಮೊದಲು ಎಡವುವುದು ಇಲ್ಲೇ. ‘ಇಷ್ಟು ಚಿಕ್ಕ ವಯಸ್ಸಿಗೆ ಬಸಿರಾ!’ ಎಂಬ ಇವತ್ತಿನ ಗಾಬರಿಯನ್ನು ಅಂದಿನ ಅಜ್ಜಿಯ ಬಾಯಲ್ಲಿ ಇಡುತ್ತಾರೆ. ಆ ಅಜ್ಜಿಯೇ ಹದಿನಾಲ್ಕಕ್ಕೆ ಹೆತ್ತವಳಿರಬಹುದು.

ಕಾನೂನು ವಯಸ್ಸನ್ನು ಎಣಿಸಲು ಕಲಿತದ್ದು ಬಹಳ ನಿಧಾನವಾಗಿ. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆಯಲು ನಿಬಂಧನೆ ತಂದಾಗ ಹುಡುಗಿಯ ಮದುವೆಗೆ ಹಾಕಿದ ಗೆರೆ ಎಂಟು ವರ್ಷ. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಬಾರದು ಎಂಬುದೂ ಅದರಲ್ಲಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದಿತು. ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ನಮ್ಮ ಸೀಮೆಯ ವಿಶೇಷವೆಂದರೆ ಇಲ್ಲಿ ಗಡಿಗಳು ಕೂಡುತ್ತಿದ್ದವು. ಹರಿಹರ ಮೈಸೂರು ಸಂಸ್ಥಾನ. ತುಂಗಭದ್ರೆ ದಾಟಿ ರಾಣೆಬೆನ್ನೂರಿಗೆ ಕಾಲಿಟ್ಟರೆ ಮುಂಬೈ ಪ್ರಾಂತ್ಯ. ಬಡಗಣ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಒಂದೇ ಬೀಗತನದ ಎರಡು ಮನೆಗಳು ಎರಡು ಕಾನೂನಿನ ಕೆಳಗಿದ್ದವು. 1930ರ ದಶಕದ ಕತೆ ಕಟ್ಟುವವರಿಗೆ ಇದು ಒಳ್ಳೆಯ ಹೂರಣ.

ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಹುಡುಗಿಯ ವಯಸ್ಸು ಹದಿನೈದಾಯಿತು. ಹದಿನೆಂಟಕ್ಕೆ ಏರಿದ್ದು 1978ರಲ್ಲಿ. ಅಂದರೆ 1975ರ ನಮ್ಮ ಮೊದಲ ಹುಡುಗಿಯ ಮದುವೆ ಕಾನೂನಿನ ಪ್ರಕಾರ ಸರಿಯಾದದ್ದೇ. ಮೂರೇ ವರ್ಷದ ನಂತರ ಅದೇ ಮದುವೆ ಅಪರಾಧ. ಊರಿನ ಹೆಸರುಗಳಲ್ಲೂ ಇದೇ ಎಚ್ಚರ ಬೇಕು: 1973ರ ನವೆಂಬರ್ 1ರ ತನಕ ಇದು ಮೈಸೂರು ರಾಜ್ಯ, 1997ರ ಆಗಸ್ಟ್ 15ರ ತನಕ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು.

ಈಗ ಎರಡನೆಯ ಹುಡುಗಿಯ ದಿನ ಎಣಿಸೋಣ. ಬಸಿರಿನ ಕತೆಯಲ್ಲಿ ಪಂಚಾಂಗ ತಪ್ಪಿದರೆ ಇಡೀ ಕತೆ ತಪ್ಪುತ್ತದೆ. ಲೆಕ್ಕ ಹಿಡಿಯುವುದು ಕಡೆಯ ಮುಟ್ಟಿನ ಮೊದಲ ದಿನದಿಂದ: ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಬೇಕು, ಒಟ್ಟು 280 ದಿನ. ಅವಳ ಕಡೆಯ ಮುಟ್ಟು ಜನವರಿ 10 ಎಂದಿಟ್ಟುಕೊಂಡರೆ ದಿನ ತುಂಬುವುದು ಅಕ್ಟೋಬರ್ 17ಕ್ಕೆ. ಬಸಿರು ನಿಂತದ್ದು ಜನವರಿ 24ರ ಆಸುಪಾಸು. ಫೆಬ್ರವರಿಯಲ್ಲಿ ಮುಟ್ಟು ತಪ್ಪುತ್ತದೆ, ಮಾರ್ಚ್ ತುಂಬ ಓಕರಿಕೆ, ಪರೀಕ್ಷೆಯ ಕಾಲಕ್ಕೆ ಹನ್ನೆರಡು ವಾರ. ಆಗ ಗರ್ಭಕೋಶ ಕಿಬ್ಬೊಟ್ಟೆಯ ಎಲುಬಿನ ಅಂಚಿಗೆ ಬಂದಿರುತ್ತದಷ್ಟೆ, ಹೊರಗೆ ಏನೂ ಕಾಣದು. ಚೊಚ್ಚಲು ಬಸಿರಿನಲ್ಲಿ ಮಗು ಮಿಸುಕಿದ್ದು ತಾಯಿಗೆ ಗೊತ್ತಾಗುವುದು 18ರಿಂದ 20ನೇ ವಾರದಲ್ಲಿ, ಇವಳಿಗೆ ಮೇ 16ರಿಂದ 30ರೊಳಗೆ. ಅಷ್ಟು ಹೊತ್ತಿಗೆ ಗರ್ಭಕೋಶ ಹೊಕ್ಕಳ ಮಟ್ಟಕ್ಕೆ ಏರಿ, ಲಂಗದ ಲಾಡಿ ಕಟ್ಟುವ ಜಾಗ ದಿನೇ ದಿನೇ ಮೇಲಕ್ಕೆ ಸರಿಯುತ್ತದೆ. ಸೊಂಟದ ಮೇಲೆ ಲಾಡಿಯ ಹಳೆಯ ಕಪ್ಪು ಗೆರೆ ಕೆಳಗೆ ಉಳಿದು, ಹೊಸ ಗಂಟು ಅದರ ಮೇಲೆ ಕೂತಿರುತ್ತದೆ. ಹಿತ್ತಲಲ್ಲಿ ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅವ್ವನಿಗೆ ಅಷ್ಟೇ ಸಾಕು.

ಅದಕ್ಕೂ ಮೊದಲೇ ಸಿಕ್ಕಿಬೀಳುವ ದಾರಿ ಇನ್ನೊಂದಿದೆ, ಬರೆಯುವವರು ಇದನ್ನು ಮರೆಯುವುದೇ ಹೆಚ್ಚು. ಮುಟ್ಟಾದವಳು ಮೂರು ದಿನ ಹೊರಗೆ ಕೂರುವ ಮನೆಗಳಲ್ಲಿ ಯಾರದೇ ತಿಂಗಳ ಲೆಕ್ಕ ಗುಟ್ಟಾಗಿರಲಿಲ್ಲ. ತಟ್ಟೆ ಬೇರೆ, ಚಾಪೆ ಬೇರೆ, ನಾಲ್ಕನೇ ದಿನ ತಲೆ ಮೇಲೆ ನೀರು. ‘ನಿಂದು ಹೊರಗಾಗಿ ಎಷ್ಟ್ ದಿನ ಆತು?’ ಎಂದು ಕೇಳಲು ಅಜ್ಜಿಗೆ ಕ್ಯಾಲೆಂಡರ್ ಬೇಕಿರಲಿಲ್ಲ. ಆದ್ದರಿಂದ ಬಸಿರು ಮುಚ್ಚಿಡಬೇಕಾದ ಹುಡುಗಿ ಸುಳ್ಳೇ ಹೊರಗೆ ಕೂರಬೇಕು, ಕಲೆಯಿಲ್ಲದ ಬಟ್ಟೆ ಒಗೆದು ಒಣಹಾಕಬೇಕು. ಆ ಮೂರು ದಿನ ಮೂಲೆಯಲ್ಲಿ ಒಬ್ಬಳೇ ಕೂತ ಹುಡುಗಿಯ ತಲೆಯೊಳಗೆ ನಡೆಯುವುದೇ ಒಂದು ಅಧ್ಯಾಯವಾದೀತು. ಚಿತ್ರದುರ್ಗದ ಕಾಡುಗೊಲ್ಲರ ಹಟ್ಟಿಗಳಲ್ಲಂತೂ ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗೇ ಇರಬೇಕಿತ್ತು. ಅಲ್ಲಿ ಯಾರು ಎಷ್ಟು ದಿನದಿಂದ ಹೊರಗೆ ಬಂದಿಲ್ಲ ಎಂಬುದು ಹಟ್ಟಿಗೆಲ್ಲ ಕಾಣುತ್ತಿತ್ತು. ಮನೆಯಲ್ಲೇ ಪರೀಕ್ಷಿಸುವ ಪಟ್ಟಿ, ಸ್ಕ್ಯಾನಿಂಗ್, ತಾಯಿ ಕಾರ್ಡ್, ಆಶಾ ಕಾರ್ಯಕರ್ತೆ, ಇವು ಯಾವುವೂ 1975ರ ಕತೆಗೆ ಬರಕೂಡದು.

ತೆಗೆಸುವ ಮಾತು ಬಂದೇ ಬರುತ್ತದೆ. ‘ಹೊಟ್ಟೆ ತೊಳೆಸಿದರು’ ಎಂಬುದು ಆಡುಮಾತು. ಇಲ್ಲಿ 1972ರ ಏಪ್ರಿಲ್ 1 ದೊಡ್ಡ ಗಡಿ. ಅದಕ್ಕೆ ಮೊದಲು, ಬಸುರಿಯ ಜೀವ ಉಳಿಸಲು ಮಾಡಿದ್ದನ್ನು ಬಿಟ್ಟರೆ, ದಂಡಸಂಹಿತೆಯ 312ನೇ ಕಲಂ ಪ್ರಕಾರ ಗರ್ಭಪಾತ ಅಪರಾಧ: ಮೂರು ವರ್ಷದವರೆಗೆ ಜೈಲು, ಮಗು ಮಿಸುಕಿದ ಮೇಲಾದರೆ ಏಳು ವರ್ಷದವರೆಗೆ. ಶಿಕ್ಷೆ ಮಾಡಿಸಿಕೊಂಡ ಹೆಣ್ಣಿಗೂ ತಗಲುತ್ತಿತ್ತು. ಅಂದು 1971ರ ಗರ್ಭಪಾತ ಕಾಯ್ದೆ ಜಾರಿಯಾದ ಮೇಲೆ ಹನ್ನೆರಡು ವಾರದವರೆಗೆ ಒಬ್ಬ ವೈದ್ಯರ, ಇಪ್ಪತ್ತು ವಾರದವರೆಗೆ ಇಬ್ಬರ ಅಭಿಪ್ರಾಯ ಸಾಕಾಗಿತ್ತು. ಹದಿನೆಂಟು ತುಂಬದವಳಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ನಮ್ಮ ಹುಡುಗಿಯ ಪಂಚಾಂಗಕ್ಕೆ ಇದನ್ನು ಹೊಂದಿಸಿ ನೋಡಿ: ಏಪ್ರಿಲ್ 4ರವರೆಗೆ ಒಬ್ಬ ವೈದ್ಯರು, ಮೇ 30ಕ್ಕೆ ಬಾಗಿಲು ಬಂದ್. ಅವಳಿಗೆ ಖಾತ್ರಿಯಾಗಿ, ಅವ್ವನಿಗೆ ಹೇಳುವ ಧೈರ್ಯ ಬಂದು, ಅಪ್ಪನ ಸಹಿ ಬೀಳುವಷ್ಟರಲ್ಲಿ ಆ ದಿನ ದಾಟಿರುತ್ತದೆ. ಕಾಯ್ದೆಯ ನಿಯಮಗಳ ಪ್ರಕಾರ, ಗರ್ಭಪಾತದ ದಾಖಲಾತಿ ಪುಸ್ತಕ ಬಿಟ್ಟು ಆಸ್ಪತ್ರೆಯ ಬೇರೆ ಕಡತಗಳಲ್ಲಿ ಅವಳ ಹೆಸರು ಬರೆಯುವಂತಿರಲಿಲ್ಲ, ಕ್ರಮಸಂಖ್ಯೆ ಮಾತ್ರ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಓಣಿಯವರು ಕಂಡರೆ ಯಾವ ಕ್ರಮಸಂಖ್ಯೆ ಕಾಪಾಡೀತು? ಹಾಗಾಗಿ ಕಾನೂನು ಬಂದ ಮೇಲೂ ಜನ ಕಳ್ಳದಾರಿ ಹಿಡಿದರು. ಅಲ್ಲಿ ಸಾವು ತರುತ್ತಿದ್ದದ್ದು ನಂಜು, ನಿಲ್ಲದ ರಕ್ತಸ್ರಾವ, ಧನುರ್ವಾಯು. ಪಪ್ಪಾಯಿ, ಎಳ್ಳು ತಿಂದರೆ ಬಸಿರು ಇಳಿಯುತ್ತದೆ ಎಂಬ ನಂಬಿಕೆಯನ್ನು ಕತೆಯಲ್ಲಿ ನಂಬಿಕೆಯಾಗಿಯೇ ತೋರಿಸಿ, ಫಲ ಕೊಟ್ಟಂತೆ ಬರೆಯಬೇಡಿ. ನಾಟಿಮದ್ದಿನ ಹೆಸರು, ಅಳತೆ ಬರೆಯಲೇಬೇಡಿ. ಓದುವವರಲ್ಲಿ ಅದೇ ಸಂಕಟದ ಹುಡುಗಿ ಇರಬಹುದು.

ಹೆಚ್ಚಿನ ಮನೆಗಳು ಹಿಡಿದ ದಾರಿ ಅವಸರದ ಮದುವೆ. ಇಂಗ್ಲಿಷ್ ಕಾದಂಬರಿ ಓದಿ ಬಂದವರು ಹುಡುಗಿಯನ್ನು, ಮದುವೆಯಾಗದ ಬಸುರಿಯರನ್ನು ಹೆರಿಗೆಯ ತನಕ ಇಡುವ ಗುಟ್ಟಿನ ‘ಹೋಮ್’ಗೆ ಕಳಿಸುತ್ತಾರೆ. ಅದು ಐರ್ಲೆಂಡ್, ಅಮೆರಿಕದ ಇತಿಹಾಸ. ಐರ್ಲೆಂಡಿನ ತಾಯಿ-ಮಗು ಹೋಮ್‌ಗಳ ಬಗ್ಗೆ 2021ರಲ್ಲಿ ಬಂದ ಆಯೋಗದ ವರದಿ ಅಲ್ಲಿ ಸತ್ತ ಮಕ್ಕಳನ್ನು ಸುಮಾರು 9,000 ಎಂದು ಲೆಕ್ಕ ಹಾಕಿತು. ನಮ್ಮಲ್ಲಿ ಆ ಕೆಲಸಕ್ಕೆ ಇದ್ದದ್ದು ಅಜ್ಜಿಯ ಊರು, ಅಕ್ಕನ ಮನೆ, ಇಲ್ಲವೇ ಒಪ್ಪಿಸಿ ಕರೆತಂದ ಸೋದರಮಾವ. ಏಪ್ರಿಲ್ ಕೊನೆಗೆ ಮದುವೆಯಾಗಿ ಅಕ್ಟೋಬರಿನಲ್ಲಿ ಹೆತ್ತರೆ ಐದೂವರೆ ತಿಂಗಳು, ಊರು ಒಪ್ಪದು. ಫೆಬ್ರವರಿ ಕೊನೆಯಲ್ಲೇ ಧಾರೆ ಎರೆದರೆ ಮಾತ್ರ ‘ಏಳು ತಿಂಗಳಿಗೆ ಹುಟ್ಟಿತು’ ಎನ್ನಬಹುದು. ನಿಜವಾಗಿ ಏಳು ತಿಂಗಳಿಗೆ ಹುಟ್ಟಿದ ಮಗು ಒಂದೂಕಾಲು ಕೆ.ಜಿ. ಆಸುಪಾಸು ಇರುತ್ತದೆ, ಚರ್ಮ ತೆಳು, ಹಾಲು ಚೀಪುವ ಶಕ್ತಿ ಇರದು. ಗುಂಡಗೆ ಮೂರು ಕೆ.ಜಿ. ತೂಗಿ ಕಿರುಚುವ ಮಗುವನ್ನು ಕೈಯಲ್ಲಿ ಹಿಡಿದ ಸೂಲಗಿತ್ತಿಗೆ ಆ ಸುಳ್ಳು ಗೊತ್ತು. ಅವಳು ಹೊಕ್ಕಳಬಳ್ಳಿ ಕತ್ತರಿಸಿ ‘ಏಳು ತಿಂಗಳಿಂದು ಕಣವ್ವ, ದೇವರು ದೊಡ್ಡೋನು’ ಎಂದು ಹೊರಗೆ ಬಂದು ಹೇಳಿದರೆ ಒಂದು ಜೀವ ಉಳಿಯಿತು. ಆ ಕಾಲದ ಕರುಣೆ ಹೆಚ್ಚಾಗಿ ಇಂಥ ಸುಳ್ಳುಗಳ ರೂಪದಲ್ಲೇ ಇತ್ತು.

ಮದುವೆ ಕುದುರದಿದ್ದರೆ ಕುಲದ ಪಂಚಾಯ್ತಿ, ಕಟ್ಟೆಮನೆ, ತಪ್ಪುದಂಡ, ಬಹಿಷ್ಕಾರ.

ಇದೇ ಸೀಮೆಯಲ್ಲಿ ತಾಳಿಯ ಲೆಕ್ಕವನ್ನೇ ತಲೆಕೆಳಗು ಮಾಡುವ ಇನ್ನೊಂದು ಪದ್ಧತಿಯಿತ್ತು. ಉಚ್ಚಂಗಿದುರ್ಗದ ಗುಡ್ಡದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ದಲಿತ ಕುಟುಂಬಗಳ ಎಳೆ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. ಆ ಹುಡುಗಿ ಹದಿನೈದಕ್ಕೆ ಬಸಿರಾದರೆ ಯಾರೂ ‘ಯಾರ್ದು?’ ಎಂದು ಕೇಳುತ್ತಿರಲಿಲ್ಲ. ಕೇಳದಿದ್ದದ್ದು ಅವಳ ಮೇಲಿನ ಗೌರವದಿಂದಲ್ಲ; ಉತ್ತರ ಊರಿನ ದೊಡ್ಡ ಮನೆಗಳಿಗೆ ಬೇಡವಾಗಿತ್ತು. ಕರ್ನಾಟಕ ಇದನ್ನು ನಿಷೇಧಿಸುವ ಕಾಯ್ದೆ ಮಾಡಿದ್ದು 1982ರಲ್ಲಿ. ಒಂದೇ ಜಾತಿಯ ಒಂದೇ ಅಂಗಳದಿಂದ ಆ ಕಾಲವನ್ನು ಬರೆದರೆ ಅರ್ಧ ಕತೆ ಬಿಟ್ಟಂತೆ.

ಮಾತಿನ ಬಗ್ಗೆಯೂ ಎಚ್ಚರ ಬೇಕು. ‘ಗರ್ಭಿಣಿ’ ಎನ್ನುವುದು ಡಾಕ್ಟರ ಮಾತು, ಮನೆಯಲ್ಲಿ ‘ಬಸುರಿ’. ತಾಳಿಯಿಲ್ಲದವಳಿಗೆ ‘ಕಾಲು ಜಾರಿದಳು’, ‘ಕೆಟ್ಟಳು’, ‘ಹೊಟ್ಟೆ ಮಾಡ್ಕಂಡಾಳೆ’. ಗಮನಿಸಿ, ಕಾಲು ಜಾರಿದ್ದು ಅವಳದೊಂದೇ. ಹುಡುಗನಿಗೆ ಆ ತೂಕದ ಒಂದು ನುಡಿಗಟ್ಟೂ ನಮ್ಮಲ್ಲಿ ಹುಟ್ಟಲಿಲ್ಲ.

ಕನ್ನಡ ಸಾಹಿತ್ಯ ಈ ವಸ್ತುವನ್ನು ಮುಟ್ಟದೇ ಇಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’, ಅದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ತೆರೆಗೆ ತಂದ ಚಿತ್ರ, ಎರಡರಲ್ಲೂ ಬಸಿರಾದ ಎಳೆಯ ವಿಧವೆಗೆ ಬದುಕಿರುವಾಗಲೇ ಶ್ರಾದ್ಧ ಮಾಡುತ್ತಾರೆ. ಆದರೆ ನಾವು ಅದನ್ನು ನೋಡುವುದು ಒಬ್ಬ ಹುಡುಗನ ಕಣ್ಣಿನಿಂದ. ಹದಿಹರೆಯದವರ ಕಾದಂಬರಿಗೆ ಉಳಿದಿರುವ ಜಾಗ ಇದೇ: ಅದೇ ವಯಸ್ಸಿನ ಹುಡುಗಿಯ ಒಳಗಿನಿಂದ ಹೇಳುವುದು. ಅವಳಿಗೆ ಪರೀಕ್ಷೆ ಮುಖ್ಯ, ಗೆಳತಿ ಮುಖ್ಯ, ಹೊಸ ಲಂಗ ಮುಖ್ಯ. ಬಸಿರು ಇವೆಲ್ಲದರ ನಡುವೆ ಬಂದು ಕೂತದ್ದು.

ಕತೆಯನ್ನು 2012ರ ನವೆಂಬರ್ 14ರ ಈಚೆಗೆ ತಂದರೆ ಎಲ್ಲವೂ ಬೇರೆ. ಅಂದಿನಿಂದ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ, ಜಾರಿಯಲ್ಲಿದೆ: ಹದಿನೆಂಟರೊಳಗೆ ಒಪ್ಪಿಗೆ ಎಂಬ ಮಾತಿಗೆ ಬೆಲೆಯಿಲ್ಲ, ತಿಳಿದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಈ ಭಯಕ್ಕೆ ಹುಡುಗಿಯರು ಆಸ್ಪತ್ರೆಯಿಂದ ದೂರ ಉಳಿಯಬಾರದೆಂದು, ಅವಳೂ ಪೋಷಕರೂ ಕೋರಿದರೆ ವೈದ್ಯರು ವರದಿಯಲ್ಲಿ ಗುರುತು ಬರೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಮೇಲೆ ಅಪ್ರಾಪ್ತರಿಗೆ ಅವಧಿ 24 ವಾರ. ಕೊನೆಗೂ ವಯಸ್ಸು ಕಾನೂನಿನ ಕಣ್ಣಿಗೆ ಬಿತ್ತು. ಊರಿನ ಕಣ್ಣು ಇನ್ನೂ ಕೊರಳನ್ನೇ ನೋಡುತ್ತದೆ.

ಬಹುಪಾಲು ಕತೆಗಳು ಹೆರಿಗೆಗೆ ಮುಗಿಯುತ್ತವೆ. ಮುಂದಿನದನ್ನೂ ಬರೆಯಬೇಕು. ಮದುವೆಯಾಗದೆ ಅಕ್ಟೋಬರ್ 17ಕ್ಕೆ ಅವಳು ಹೆತ್ತು, ಮಗುವನ್ನು ಉಳಿಸಿಕೊಂಡಳು ಎಂದುಕೊಳ್ಳಿ. 1981ರ ಜೂನ್‌ನಲ್ಲಿ ಆ ಮಗುವಿನ ಕೈಹಿಡಿದು ಸರ್ಕಾರಿ ಶಾಲೆಗೆ ಹೋಗುತ್ತಾಳೆ. ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಜಾತಿ ತುಂಬಿದ ಮೇಷ್ಟ್ರು ‘ತಂದೆಯ ಹೆಸರು’ ಎಂಬ ಖಾನೆಯ ಮೇಲೆ ಪೆನ್ನು ನಿಲ್ಲಿಸಿ ಅವಳ ಮುಖ ನೋಡುತ್ತಾರೆ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಿಯಾಗಬಹುದು, ಜನನ ಪ್ರಮಾಣಪತ್ರ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2015ರ ಜುಲೈ 6ರಂದು. ಆ ಹೊತ್ತಿಗೆ ಆ ಮಗುವಿಗೆ ಮೂವತ್ತೊಂಬತ್ತು ವರ್ಷ.