ಮನೆಮನೆಗೂ ರೂಟರ್ ಇಟ್ರೆ ಸುದ್ದಿ ಗುಡ್ಡ ಹತ್ತಲ್ಲ

ಮೇ ತಿಂಗಳು ಮುಗೀತಾ ಬಂದ್ರೆ ಸಾಕು, ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯಿಂದ ನನಗೆ ಫೋನ್ ಶುರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಟವರ್ ನಂಬಿ ಕೂರೋ ಧೈರ್ಯ ಇಲ್ಲ. ಸಿಮ್ಮು, ಇಂಟರ್ನೆಟ್ಟು ಏನೂ ಬೇಡದೆ ಒಂದು ಪುಟ್ಟ ರೇಡಿಯೋದಿಂದ ಇನ್ನೊಂದಕ್ಕೆ ಮೆಸೇಜು ದಾಟಿಸೋ ಲೋರಾ ಮೆಶ್ ಅವರಿಗೆ ಇಷ್ಟವಾಗೋದು ಸಹಜ.

ಆಂಟೆನಾ ಸಿಕ್ಕಿಸದೆ ಆನ್ ಮಾಡಬೇಡಿ, ರೀಜನ್ ಇಂಡಿಯಾ ಅಂತ ಆರಿಸಿ ಅನ್ನೋದನ್ನೆಲ್ಲ ನಾನು ಇಲ್ಲಿ ಹೇಳಲ್ಲ. ನಮ್ಮಲ್ಲಿ 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಪವರಿನ ಸಾಧನಗಳಿಗೆ ಲೈಸೆನ್ಸ್ ಬೇಡ. ಆದರೂ ಪವರ್, ಬ್ಯಾಂಡ್‌ವಿಡ್ತ್ ಮಿತಿಗಳನ್ನು ಒಮ್ಮೆ ಓದಿಕೊಳ್ಳಿ. ನನಗೆ ತಲೆ ಕೆಡೋದು ಬೇರೆ ಒಂದು ವಿಷಯಕ್ಕೆ. ಈ ರೇಡಿಯೋಗಳನ್ನು ಸೆಟ್ ಮಾಡೋ ಮೆಶ್‌ಟಾಸ್ಟಿಕ್ ಆಪ್‌ನಲ್ಲಿ ‘ರೋಲ್’ ಅಂತ ಒಂದು ಸೆಟ್ಟಿಂಗ್ ಇದೆ, ಅಂದ್ರೆ ಯಾವ ರೇಡಿಯೋ ಯಾವ ಪಾತ್ರ ವಹಿಸಬೇಕು ಅನ್ನೋದು. ಅಲ್ಲಿ ‘ರೂಟರ್’ ಅನ್ನೋ ಹೆಸರು ಕಂಡ ಕೂಡಲೇ ನಮ್ಮವರ ಕೈ ಅಲ್ಲಿಗೇ ಹೋಗುತ್ತೆ.

ಮೂಡಿಗೆರೆ ಕಡೆಯ ಒಬ್ಬ ತೋಟದ ಗೌಡ್ರು ಕೆಲಸದವರ ಲೈನ್ ಮನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಹೌಸು, ಬಂಗಲೆ ಎಲ್ಲಾ ಕಡೆ ರೂಟರ್ ಮಾಡಿಟ್ಟಿದ್ದರು. ಗುಡ್ಡದ ನೆತ್ತಿಯ ಸಿಲ್ವರ್ ಮರಕ್ಕೆ ಕಟ್ಟಿದ್ದು ಮಾತ್ರ ‘ಕ್ಲೈಂಟ್’, ಅಂದ್ರೆ ಮಾಮೂಲಿ ರೋಲ್. ಯಾಕೆ ಗೌಡ್ರೇ ಅಂದೆ. “ಮೇಲಿಂದು ಹೆಂಗೂ ಎತ್ತರದಲ್ಲಿದೆ ಸರ್. ಕೆಳಗಿನವು ಪಾಪ ತಗ್ಗಲ್ಲಿವೆ, ಅವಕ್ಕೆ ತಾನೇ ಬಲ ಬೇಕಾಗಿರೋದು?” ಅಂದರು. ಇಷ್ಟು ಕಾಳಜಿ ಇರೋರನ್ನ ಬೈಯೋಕೂ ಮನಸ್ಸಾಗಲ್ಲ.

ಆದರೆ ರೂಟರ್ ಮಾಡಿದರೆ ಬಲ ಬರಲ್ಲ. ಪವರ್ ಒಂದು ಮಿಲಿವ್ಯಾಟೂ ಏರಲ್ಲ. ಬದಲಾಗೋದು ಸರದಿ ಮಾತ್ರ. ನಿಮ್ಮ ಮೆಸೇಜನ್ನು ಸುತ್ತಲಿನ ನಾಲ್ಕಾರು ನೋಡ್, ಅಂದ್ರೆ ಇಂಥವೇ ರೇಡಿಯೋಗಳು, ಕೇಳಿಸಿಕೊಂಡವು ಅಂತಿಟ್ಟುಕೊಳ್ಳಿ. ಎಲ್ಲವೂ ಒಟ್ಟಿಗೆ ಮತ್ತೆ ಹೇಳಹೊರಟರೆ ಗಲಾಟೆ. ಅದಕ್ಕೇ ಪ್ರತಿಯೊಂದೂ ಸ್ವಲ್ಪ ಕಾಯುತ್ತೆ. ಯಾವುದಕ್ಕೆ ಸಿಗ್ನಲ್ ಕ್ಷೀಣವಾಗಿ ಕೇಳಿತೋ ಅದು ಕಡಿಮೆ ಕಾಯುತ್ತೆ. ಕ್ಷೀಣವಾಗಿ ಕೇಳಿದ್ದು ಅಂದ್ರೆ ಬಹುಶಃ ದೂರ ಇರೋದು, ಅದು ಹೇಳಿದರೆ ಸುದ್ದಿ ಇನ್ನೂ ಮುಂದಕ್ಕೆ ಹೋಗುತ್ತೆ ಅನ್ನೋ ಲೆಕ್ಕ. ಅದು ಹೇಳಿದ್ದನ್ನು ಕೇಳಿದ ಉಳಿದ ಕ್ಲೈಂಟ್‌ಗಳು ಸುಮ್ಮನಾಗುತ್ತವೆ.

ರೂಟರ್‌ಗೆ ಈ ಮರ್ಯಾದೆ ಇಲ್ಲ. ಅದು ಮೊದಲು ನುಗ್ಗುತ್ತೆ, ಬೇರೆಯವರು ಹೇಳಿದ್ದರೂ ತಾನೂ ಹೇಳುತ್ತೆ. ಈಗ ಗೌಡ್ರ ತೋಟ ನೋಡಿ. ಲೈನ್ ಮನೆಯಿಂದ ಹೊರಟ ಮೆಸೇಜನ್ನು ಐವತ್ತು ಮೀಟರ್ ಪಕ್ಕದ ಪಲ್ಪರ್ ಹೌಸಿನ ರೂಟರ್ ಮೊದಲು ಹೇಳಿಬಿಡುತ್ತೆ. ಗುಡ್ಡದ ಮೇಲಿನ ಪಾಪದ ಕ್ಲೈಂಟ್ ಅದನ್ನು ಕೇಳಿ, ಸರಿ ಯಾರೋ ಹೇಳಿದರಲ್ಲ ಅಂತ ಬಾಯಿ ಮುಚ್ಚಿಕೊಳ್ಳುತ್ತೆ. ಇಡೀ ಕಣಿವೆಗೆ ಕೂಗಬಲ್ಲದ್ದು ಅದೊಂದೇ ಆಗಿತ್ತು! ಇನ್ನು ಒಂದು ಮೆಸೇಜು ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೂರೇ ಸಲ ಕೈ ಬದಲಾಯಿಸಬಹುದು. ಅವು ಅಂಗಳದಲ್ಲೇ ಖರ್ಚಾಗುತ್ತಾ ಹೋಗುತ್ತವೆ. ‘ಮೂರನ್ನು ಏಳು ಮಾಡಿಬಿಡ್ಲಾ ಸರ್?’ ಅನ್ನೋದು ಮುಂದಿನ ಪ್ರಶ್ನೆ. ಬೇಡ. ಅಂಗಳದ ಗಲಾಟೆ ಇನ್ನೂ ಜಾಸ್ತಿ ಆಗುತ್ತೆ, ಅಷ್ಟೇ.

ಎಲ್ಲರಿಗೂ ಇರೋದು ಒಂದೇ ಚಾನೆಲ್. ಗದ್ದೆ ಬದುವಿನ ಹಾಗೆ, ಎದುರು ಬಂದರೆ ಒಬ್ಬರು ಇಳಿಯಲೇಬೇಕು. ‘ಲಾಂಗ್ ಫಾಸ್ಟ್’ ಅನ್ನೋ ಮಾಮೂಲಿ ರೇಡಿಯೋ ಸೆಟ್ಟಿಂಗ್‌ನಲ್ಲಿ ವೇಗ ಸೆಕೆಂಡಿಗೆ ಸುಮಾರು ಒಂದು ಕಿಲೋಬಿಟ್. ಇನ್ನೂರು ಬೈಟಿನ ಒಂದು ಮೆಸೇಜು ಸುಮಾರು ಎರಡು ಸೆಕೆಂಡು ಗಾಳಿಯನ್ನು ಹಿಡಿದಿಡುತ್ತೆ. ಅದನ್ನೇ ಆರು ರೂಟರ್ ಹೇಳಿದರೆ? ಅಂದಹಾಗೆ, ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ಮಾತು. ನಮ್ಮ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್. ‘ಮಳೆ’ ಅಂದರೆ ಮ, ಳ, ಎತ್ವ ಸೇರಿ ಒಂಬತ್ತು, ‘ಸೇತುವೆ ಮೇಲೆ ನೀರು’ ಅಂದರೆ ಒಂದೊಂದೇ ಬೈಟಿನ ಎರಡು ಖಾಲಿ ಜಾಗವೂ ಸೇರಿ ನಲವತ್ನಾಲ್ಕು. ಕನ್ನಡ ಬಿಡಿ ಅಂತಿಲ್ಲ, ಮಾರಾಯ್ರೇ. ‘ಗುಡ್ ಮಾರ್ನಿಂಗ್’ ಬಿಡಿ.

ಗೌಡ್ರಿಗೆ ಇದೆಲ್ಲ ಗೊತ್ತಾಗದೇ ಹೋಗಿದ್ದು ಟಿಕ್ ಗುರುತಿನಿಂದ. ಕಳಿಸಿದ್ದಕ್ಕೆಲ್ಲ ಟಿಕ್ ಬರುತ್ತಿತ್ತು. ವಾಟ್ಸಾಪ್ ಅಭ್ಯಾಸ, ತಲುಪಿತು ಅಂದುಕೊಂಡಿದ್ದರು. ಗುಂಪಿನ ಚಾನೆಲ್‌ಗೆ ಕಳಿಸಿದಾಗ ಆ ಟಿಕ್‌ನ ಅರ್ಥ, ಯಾವುದೋ ಒಂದು ನೋಡ್ ನಿಮ್ಮ ಮಾತನ್ನು ಮತ್ತೆ ಹೇಳಿತು ಅಂತ ಮಾತ್ರ. ಹೇಳಿದ್ದು ಅವರದೇ ಪಲ್ಪರ್ ಹೌಸು!

ನಾನು ಮಾಡಿದ್ದಿಷ್ಟೇ: ಕೆಳಗಿನ ಎಲ್ಲವನ್ನೂ ಕ್ಲೈಂಟ್‌ಗೆ ಹಾಕಿದೆ. ಬಂಗಲೆಯಲ್ಲಿ ಜೇಬಿಗೊಂದು, ಟೇಬಲ್ಲಿಗೊಂದು ಅಂತ ಇದ್ದದ್ದರಲ್ಲಿ ಜೇಬಿನದನ್ನು ‘ಕ್ಲೈಂಟ್ ಮ್ಯೂಟ್’ ಮಾಡಿದೆ, ಅಂದ್ರೆ ಬೇರೆಯವರ ಮಾತನ್ನು ಅದು ಮತ್ತೆ ಹೇಳಲ್ಲ. ಗುಡ್ಡದ ಮೇಲಿಂದನ್ನು ಮುಟ್ಟಲೇ ಇಲ್ಲ. ಆಚೆ ಕಣಿವೆಯ ಅವರ ಭಾವನ ಮನೆಯಿಂದ ಸಂಜೆ ಉತ್ತರ ಬಂತು, ಕಾಫಿ ರೇಟು ಕೇಳಿಕೊಂಡು.

ಎಲ್ಲಾ ತೋಟದಲ್ಲೂ ಇಷ್ಟು ಸುಲಭಕ್ಕೆ ಸರಿಹೋಗುತ್ತೆ ಅಂತ ಹೇಳಲಾರೆ. ನಡುವೆ ಗುಡ್ಡದ ಏಣು ಅಡ್ಡ ಇದ್ದರೆ ಯಾವ ರೋಲೂ ಏನೂ ಮಾಡಲ್ಲ, ಒದ್ದೆ ಎಲೆ ಬೇರೆ ಸಿಗ್ನಲ್ ನುಂಗುತ್ತೆ. ರೇಡಿಯೋದೊಳಗಿನ ತಂತ್ರಾಂಶ (ಫರ್ಮ್‌ವೇರ್) ಬದಲಾದ ಹಾಗೆ ಈ ನಡವಳಿಕೆಯೂ ಅಷ್ಟಿಷ್ಟು ಬದಲಾಗಬಹುದು. ಸುತ್ತಲೂ ಅಡ್ಡಿಯಿಲ್ಲದ ನೆತ್ತಿ, ಜುಲೈನ ಮೋಡದಲ್ಲೂ ಸಾಯದ ಬ್ಯಾಟರಿ, ಎರಡೂ ಇದ್ದರೆ ಅಲ್ಲೊಂದು ರೂಟರ್ ಇಡಿ, ಬೇಡ ಅನ್ನಲ್ಲ. ಅದೂ ಅಕ್ಕಪಕ್ಕದ ತೋಟದವರನ್ನು ಕೇಳಿಕೊಂಡು. ನನಗೆ ಫೋನ್ ಮಾಡೋ ಮುಂಚೆ ಯಾವ ನೋಡ್ ಎಲ್ಲಿದೆ, ಅದರ ರೋಲ್ ಏನು ಅಂತ ಒಂದು ಹಾಳೆಯಲ್ಲಿ ಬರೆದು ಫೋಟೋ ಕಳಿಸಿ. ಎಷ್ಟು ಕಿಲೋಮೀಟರ್ ಹೋಗುತ್ತೆ ಅನ್ನೋದನ್ನ ಆಮೇಲೆ ಮಾತಾಡೋಣ.