ಎಸಿಗೆ ಗ್ಯಾಸ್ ತುಂಬಿಸುವ ಮೊದಲು ನೀರು ನೋಡಿ

ಮೇ ತಿಂಗಳಲ್ಲಿ ಕಲಬುರಗಿಯ 40 ಡಿಗ್ರಿ ಬಿಸಿಲಿಗೆ ಒಗ್ಗಿದವರೂ ಮಂಗಳೂರಿನ 33 ಡಿಗ್ರಿಗೆ ಸೋತು ಹೋಗುತ್ತಾರೆ. ಅಲ್ಲಿ ಬೆವರು ಆರುತ್ತದೆ, ಇಲ್ಲಿ ಆರುವುದಿಲ್ಲ. ನಾವು ಸೆಖೆ ಎನ್ನುವುದು ಬರೀ ಬಿಸಿಯನ್ನಲ್ಲ, ಗಾಳಿಯಲ್ಲಿರುವ ನೀರನ್ನೂ ಸೇರಿಸಿ. ಕರಾವಳಿಯ ಫ್ಯಾನು, ಎಸಿ, ಕಾರುಗಳ ತೊಂದರೆಗಳಲ್ಲಿ ಬಹುಪಾಲು ಈ ನೀರಿನಿಂದ ಮತ್ತು ಅದರ ಜೊತೆ ಬರುವ ಉಪ್ಪಿನಿಂದಲೇ ಹುಟ್ಟುತ್ತವೆ.

ಒಂದು ಲೆಕ್ಕ ಹಾಕೋಣ. 30 ಡಿಗ್ರಿ ಉಷ್ಣತೆ, ಶೇಕಡಾ 80 ತೇವಾಂಶ ಇರುವಾಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ಹತ್ತು ಅಡಿ ಎತ್ತರದ 10×12 ಅಡಿ ಕೋಣೆಯೆಂದರೆ ಸುಮಾರು 34 ಘನ ಮೀಟರ್. ಅಂದರೆ ಮುಚ್ಚಿದ ಕೋಣೆಯ ಗಾಳಿಯಲ್ಲೇ 800 ಗ್ರಾಂ ನೀರು ತೇಲುತ್ತಿದೆ. ಅದನ್ನು 24 ಡಿಗ್ರಿ, ಶೇಕಡಾ 50 ತೇವಾಂಶಕ್ಕೆ ಇಳಿಸಬೇಕಾದರೆ ಅರ್ಧಕ್ಕಿಂತ ಹೆಚ್ಚು ನೀರನ್ನು ಹೊರಹಾಕಬೇಕು. ಬಾಗಿಲ ಸಂದಿಯಿಂದ, ನಮ್ಮ ಉಸಿರಿನಿಂದ ಮತ್ತೆ ಮತ್ತೆ ಸೇರುವ ಆವಿ ಬೇರೆ. ಒಂದು ಟನ್ ಎಸಿಯ ಸಾಮರ್ಥ್ಯ 3.5 ಕಿಲೋವಾಟ್. ಗಂಟೆಗೆ ಒಂದು ಲೀಟರ್ ಆವಿಯನ್ನು ನೀರಾಗಿಸಲು ಅದರಲ್ಲಿ ಸುಮಾರು 0.7 ಕಿಲೋವಾಟ್, ಅಂದರೆ ಐದನೇ ಒಂದು ಪಾಲು ಖರ್ಚಾಗುತ್ತದೆ.

ಹಾಗಾಗಿ ತಂಪು ಸಾಲದು ಎಂದಾಗ ಮೊದಲು ನೀರಿನ ಪೈಪಿನ ಕೆಳಗೆ ಬಕೆಟ್ ಇಟ್ಟು ಒಂದು ಗಂಟೆ ಎಸಿ ಓಡಿಸಿ ನೋಡಿ. ಸೆಖೆಯ ರಾತ್ರಿಯಲ್ಲಿ ನೀರು ಚೆನ್ನಾಗಿ ಬೀಳುತ್ತಿದ್ದರೆ ಒಳಗಿನ ಕಾಯಿಲ್ (ಗ್ಯಾಸ್ ಸುತ್ತುವ ಕೊಳವೆಗಳ ಸಾಲು) ತಣ್ಣಗಾಗುತ್ತಿದೆ ಎಂದೇ ಅರ್ಥ. ಆಗ ತೊಂದರೆ ಸಂದಿಬಿಟ್ಟ ಕಿಟಕಿಯಲ್ಲೋ, ಬಿಸಿಲು ಕುಡಿದ ತಾರಸಿಯಲ್ಲೋ, ಕೋಣೆಗೆ ಸಾಲದ ಎಸಿಯಲ್ಲೋ ಇರಬಹುದು. ಹನಿಯೂ ಬೀಳದಿದ್ದರೆ ಒಂದೋ ಪೈಪು ಕಟ್ಟಿದೆ, ಇಲ್ಲವೇ ಕಾಯಿಲ್ ತಣ್ಣಗಾಗುತ್ತಿಲ್ಲ.

ಪೈಪು ಕಟ್ಟಿದ್ದರೆ ಗೋಡೆಯ ಮೇಲೆ ನೀರಿನ ಗೆರೆ ಕಾಣುತ್ತದೆ. ಕಾಯಿಲ್ ಕೆಳಗೆ ನೀರು ಹಿಡಿಯುವ ಟ್ರೇಯಲ್ಲಿ ಧೂಳು ಮತ್ತು ತೇವ ಸೇರಿ ಬೆಳೆದ ಲೋಳೆ ಜಾರಿ ಬಂದು ಪೈಪಿನ ಬಾಯಲ್ಲಿ ಕೂರುತ್ತದೆ. ಬೆರಳಿಗೆ ಸಿಕ್ಕರೆ ನೆನೆದ ಸಬ್ಬಕ್ಕಿಯ ಹಾಗೆ ಜಾರುತ್ತದೆ. ಹೊರಗಿನ ತುದಿಯಿಂದ ಊದಬೇಡಿ, ಲೋಳೆ ವಾಪಸ್ ಟ್ರೇಗೆ ಹೋಗುತ್ತದೆ. ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರ್‌ನಿಂದ ಹೊರತುದಿಯಲ್ಲಿ ಎಳೆಯಿರಿ. ಪೈಪು ಉದ್ದಕ್ಕೂ ಇಳಿಜಾರಾಗಿರಬೇಕು, ನಡುವೆ ಜೋತು ಬೀಳಬಾರದು, ತುದಿ ಬಕೆಟಿನ ನೀರಲ್ಲಿ ಮುಳುಗಿರಬಾರದು.

ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದರೆ ಹೆಚ್ಚಿನವರು ಗ್ಯಾಸ್ ಮುಗಿದಿದೆ ಎಂದುಕೊಳ್ಳುತ್ತಾರೆ. ಫಿಲ್ಟರಿನಲ್ಲಿ ಧೂಳು ತುಂಬಿ ಗಾಳಿ ಕಡಿಮೆಯಾದರೂ ಹೀಗೇ ಆಗುತ್ತದೆ. ಕೂಲ್ ಬಿಟ್ಟು ಬರೀ ಫ್ಯಾನ್ ಮೋಡಿನಲ್ಲಿ ಒಂದೆರಡು ಗಂಟೆ ಓಡಿಸಿ ಮಂಜು ಕರಗಿಸಿ, ಫಿಲ್ಟರ್ ತೊಳೆದು ಆರಿಸಿ ಹಾಕಿ. ಮತ್ತೆ ಮಂಜು ಕಟ್ಟಿದರೆ ಆಗ ಗ್ಯಾಸಿನ ಮಾತು.

ಎಸಿಯ ಗ್ಯಾಸ್ ಖರ್ಚಾಗುವ ವಸ್ತುವಲ್ಲ, ಇದನ್ನು ಒತ್ತಿ ಹೇಳಬೇಕು. ಅದು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಸೋರಿಕೆ ಮುಚ್ಚದೆ ವರ್ಷ ವರ್ಷ ತುಂಬಿಸಿದರೆ ದುಡ್ಡೂ ಹೋಗುತ್ತದೆ, ಗಾಳಿಯೂ ಕೆಡುತ್ತದೆ. ಮೆಕ್ಯಾನಿಕ್ ನೈಟ್ರೋಜನ್ ಒತ್ತಡ ಹಾಕಿ, ಜೋಡಣೆಯ ನಟ್ಟುಗಳಿಗೆ ಸೋಪಿನ ನೀರು ಸವರಿ ಗುಳ್ಳೆ ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಗಾಳಿ, ತೇವ ಎಳೆದು ತೆಗೆಯಬೇಕು. ಕೊನೆಗೆ ಯೂನಿಟ್ ಮೇಲೆ ಬರೆದಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಆರ್-32 ಎಂಬ ಎಸಿ ಗ್ಯಾಸ್ ಬೆಂಕಿ ತಾಗಿದರೆ ಉರಿಯಬಲ್ಲದು, ಕೆಲಸದ ವೇಳೆ ಕಿಟಕಿ ತೆರೆದಿರಲಿ.

ಪಣಂಬೂರು, ಉಳ್ಳಾಲ, ಮಲ್ಪೆ ಕಡೆ ಎಸಿ ಕೆಡುವುದರ ಹಿಂದೆ ಉಪ್ಪಿರುವುದು ಸಾಮಾನ್ಯ. ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆಗಳು ಅಂಟಿರುತ್ತವೆ. ಉಪ್ಪುನೀರಿನ ತೆಳು ಪದರ ಎರಡನ್ನೂ ಸೇರಿಸಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಆಗಿ, ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ರೆಕ್ಕೆ ಉದುರಿದರೆ ಬಿಸಿ ಹೊರಹೋಗದು, ಕಂಪ್ರೆಸರ್ ದಣಿಯುತ್ತದೆ. ಸಮುದ್ರದ ಬದಿಯವರು ಎಂಸಿಬಿ ಆಫ್ ಮಾಡಿ, ಔಟ್‌ಡೋರ್ ಯೂನಿಟ್ಟಿನ ಕಾಯಿಲನ್ನು ಎರಡು ತಿಂಗಳಿಗೊಮ್ಮೆ ಸಿಹಿನೀರಿನಿಂದ ಮೆಲ್ಲಗೆ ತೊಳೆಯಿರಿ. ಜೋರು ಒತ್ತಡದ ನೀರು ರೆಕ್ಕೆ ಮಡಚುತ್ತದೆ. ಶೀಟಿನ ಅಡಿ ಪೂರ್ತಿ ಮರೆಯಲ್ಲಿರುವ ಯೂನಿಟ್ಟಿಗೆ ಮಳೆಯ ಸ್ನಾನವೂ ಸಿಗುವುದಿಲ್ಲ, ಉಪ್ಪು ಹಾಗೇ ಕೂತಿರುತ್ತದೆ. ಅದನ್ನಂತೂ ಮರೆಯದೆ ತೊಳೆಯಬೇಕು.

ಫ್ಯಾನಿನ ಕತೆ ಇದಕ್ಕಿಂತ ಸುಲಭ. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ ಅಷ್ಟೆ. ಹಾಗಾಗಿ ವೇಗ ಕಡಿಮೆಯಾದದ್ದು ಸೆಖೆಯಲ್ಲಿ ತಕ್ಷಣ ಗೊತ್ತಾಗುತ್ತದೆ. ಹಳೆಯ ಮಾದರಿಯ ಸೀಲಿಂಗ್ ಫ್ಯಾನಿನಲ್ಲಿ ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಇರುತ್ತದೆ. ಅಂಗಡಿಯಲ್ಲಿ ಕಂಡೆನ್ಸರ್ ಎಂದೇ ಕೇಳುವುದು ರೂಢಿ. ವರ್ಷ ಕಳೆದಂತೆ ಇದರ ಸಾಮರ್ಥ್ಯ 2ಕ್ಕೋ 1.5ಕ್ಕೋ ಇಳಿದು ಫ್ಯಾನ್ ನಿಧಾನವಾಗುತ್ತದೆ. ಪೂರ್ತಿ ಹೋದರೆ ಗುಂಯ್ ಎನ್ನುತ್ತದೆ, ತಿರುಗದು. ಮೇನ್ ಆಫ್ ಮಾಡಿ ರೆಕ್ಕೆಯನ್ನು ಕೈಯಲ್ಲಿ ತಳ್ಳಿ ನೋಡಿ. ಹಗುರವಾಗಿ ಕೆಲವು ಸುತ್ತು ತಿರುಗಿದರೆ ಬೇರಿಂಗ್ ಸರಿಯಿದೆ, ಕೆಪ್ಯಾಸಿಟರ್ ಬದಲಿಸಿ. ಗರಗರ ಎಂದು ಬಿಗಿಯಾಗಿದ್ದರೆ ಬೇರಿಂಗ್ ಹೋಗಿದೆ. ಜೋರಾಗಿ ತಿರುಗಲಿ ಎಂದು 4 ಮೈಕ್ರೊಫ್ಯಾರಡ್ ಹಾಕಿದರೆ ಮೋಟಾರಿನ ತಂತಿಸುರುಳಿ (ವೈಂಡಿಂಗ್) ಬಿಸಿಯಾಗಿ ಸುಡಬಹುದು. ಸಂಜೆ ಹೊತ್ತು ಮಾತ್ರ ನಿಧಾನವಾದರೆ ವೋಲ್ಟೇಜ್ ಅಳೆಯಿರಿ. ಸರ್ಕಿಟ್ ಬೋರ್ಡಿನಿಂದ ಓಡುವ ಹೊಸ ಮಾದರಿಯ ಬಿಎಲ್‌ಡಿಸಿ ಫ್ಯಾನಿಗೆ ಈ ಚಿಕಿತ್ಸೆ ಹೊಂದುವುದಿಲ್ಲ, ಅದರಲ್ಲಿ ನೋಡಬೇಕಾದದ್ದು ಆ ಬೋರ್ಡನ್ನೇ.

ಕಾರಿನ ಎಸಿಗೆ ಮಂಗಳೂರಿನ ನಂತೂರು ಸರ್ಕಲ್ಲೇ ಪರೀಕ್ಷೆ. ಉಡುಪಿ ಕಡೆ ಹೆದ್ದಾರಿಯಲ್ಲಿ ಓಡುವಾಗ ತಂಪಾಗಿದ್ದು, ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಬಿಸಿಗಾಳಿ ಬಂದರೆ ಮೊದಲ ಅನುಮಾನ ಮುಂಭಾಗದ ಕಂಡೆನ್ಸರ್ ಫ್ಯಾನಿನ ಮೇಲೆ (ಈ ಕಂಡೆನ್ಸರ್ ಕೆಪ್ಯಾಸಿಟರ್ ಅಲ್ಲ, ಬಿಸಿ ಹೊರಹಾಕುವ ಕಾಯಿಲ್). ಓಡುವಾಗ ಎದುರುಗಾಳಿ ಮಾಡುವ ಕೆಲಸವನ್ನು ನಿಂತಾಗ ಆ ಫ್ಯಾನೇ ಮಾಡಬೇಕು. ಫ್ಯೂಸ್, ರಿಲೇ, ಮೋಟಾರ್ ಈ ಕ್ರಮದಲ್ಲಿ ನೋಡಿಸಿ. ಕಾರಿನೊಳಗೆ ಗಾಳಿ ಊದುವ ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ಓಡಿದರೆ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿರಬಹುದು. ಎಸಿ ಹಾಕಿ ನಿಲ್ಲಿಸಿದ ಕಾರಿನಡಿ ನೀರು ತೊಟ್ಟಿಕ್ಕುವುದು ಒಳ್ಳೆಯ ಲಕ್ಷಣ. ಅದೇ ನೀರು ಎಡಬದಿಯ ಕಾಲಡಿಯ ಮ್ಯಾಟನ್ನು ಒದ್ದೆ ಮಾಡಿದರೆ ನೀರು ಹೋಗುವ ಕೊಳವೆ ಕಟ್ಟಿರಬಹುದು. ಹಳಸಲು ವಾಸನೆಗೆ ಕಾರಣ ತೇವದಲ್ಲಿ ಬೆಳೆದ ಬೂಷ್ಟು. ಮನೆ ತಲುಪಲು ಐದು ನಿಮಿಷ ಇರುವಾಗ ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿ, ಕಾಯಿಲ್ ಆರಲಿ.

ಮಳೆಗಾಲದಲ್ಲಿ ಎದುರಿನ ಗಾಜು ಮಬ್ಬಾದರೆ ಒಳಗಿನಿಂದ ಬೆರಳಿಟ್ಟು ಒರೆಸಿ. ಗೆರೆ ಮೂಡಿದರೆ ಮಂಜು ಒಳಗಿದೆ: ಎಸಿ ಹಾಕಿ, ಹೊರಗಾಳಿ ಒಳಬಿಟ್ಟು, ಗಾಜಿನ ಕಡೆ ತಿರುಗಿಸಿ. ಗೆರೆ ಮೂಡದಿದ್ದರೆ ತಣ್ಣಗಾದ ಗಾಜಿಗೆ ಹೊರಗಿನ ಸೆಖೆ ಬಂದು ಅಂಟಿದೆ: ವೈಪರ್ ಹಾಕಿ, ತಂಪು ತಗ್ಗಿಸಿ, ಗಾಳಿಯನ್ನು ಕಾಲಿನ ಕಡೆಗೆ ಬಿಡಿ.