ಬೆಳಕು ಎಲ್ಲಿಂದ ಸೋರುತ್ತಿದೆ?

ಪಿಎಚ್‌ಡಿಗೆ ಸೇರಿದ ಹೊಸದರಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಪ್ಲಾಸ್ಟಿಕ್ ಹಲಗೆಗೆ ಕಪ್ಪು ಟೇಪ್ ಸುತ್ತುವುದು. ತಮಾಷೆಯಲ್ಲ, ಎರಡು ವಾರ ಅದನ್ನೇ ಮಾಡಿದೆ. ಕಣಭೌತಶಾಸ್ತ್ರ ಅಂದರೆ ಕರಿಹಲಗೆ ತುಂಬ ಸಮೀಕರಣ ಅಂದುಕೊಂಡು ಬಂದವನು ನಾನು.

ಅದು ಮಾಮೂಲಿ ಪ್ಲಾಸ್ಟಿಕ್ ಅಲ್ಲ, ಸಿಂಟಿಲೇಟರ್. ವಿದ್ಯುದಾವೇಶ ಇರುವ ಕಣ ಒಳಗೆ ಹಾದುಹೋದರೆ ಚೂರೇ ಚೂರು ಮಿನುಗುತ್ತದೆ. ತುದಿಯಲ್ಲಿ ಕೂರಿಸಿದ ಫೋಟೊಮಲ್ಟಿಪ್ಲೈಯರ್ ಟ್ಯೂಬ್ ಆ ಮಿನುಗನ್ನು ಹಿಡಿದು ವಿದ್ಯುತ್ ಸಿಗ್ನಲ್ ಮಾಡುತ್ತದೆ. ಪರೀಕ್ಷೆಗೆ ಕಣಗಳನ್ನು ಎಲ್ಲಿಂದಲೋ ತರಬೇಕಿಲ್ಲ. ಆಕಾಶದಿಂದ ಮ್ಯೂಯಾನ್ ಎಂಬ, ಎಲೆಕ್ಟ್ರಾನಿನಂಥದ್ದೇ ಆದರೆ ಹೆಚ್ಚು ಭಾರದ ಕಣಗಳು ಸದಾ ಸುರಿಯುತ್ತಿರುತ್ತವೆ, ನೆಲಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ. ನಮ್ಮ ಹಲಗೆ 1,000 ಚದರ ಸೆಂಟಿಮೀಟರ್ ಇತ್ತು. ಸೆಕೆಂಡಿಗೆ ಹದಿನಾರೋ ಹದಿನೇಳೋ ಎಣಿಕೆ ಬರಬೇಕು. ಬಂದದ್ದು ನೂರಾರು.

ಮೂರು ದಿನ ಕಂಪ್ಯೂಟರ್ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದೆ. ನಾಲ್ಕನೇ ದಿನ ಗೈಡ್ ಬಂದರು, ಏನೂ ಮಾತಾಡದೆ ಕೋಣೆಯ ಲೈಟ್ ಆರಿಸಿದರು. ಎಣಿಕೆ ಥಟ್ಟನೆ ಇಳಿಯಿತು. ಕೈಗೆ ಒಂದು ಟಾರ್ಚ್ ಕೊಟ್ಟು ಹೋದರು. ಹಲಗೆಯ ಮೇಲೆ ಇಂಚಿಂಚೂ ಟಾರ್ಚ್ ಬಿಡುತ್ತಾ ಬಂದೆ. ಒಂದು ಮೂಲೆಯಲ್ಲಿ, ಟೇಪ್ ಮಡಚಿದ ಕಡೆ, ಸೂಜಿಮೊನೆಯಷ್ಟು ಸಂದು. ನಾನು ಮ್ಯೂಯಾನ್ ಅಂದುಕೊಂಡು ಎಣಿಸಿದ್ದರಲ್ಲಿ ಬಹುಪಾಲು ಕೋಣೆಯ ಟ್ಯೂಬ್‌ಲೈಟ್!

ಇಷ್ಟು ವರ್ಷಗಳಾದ ಮೇಲೂ ಮಾಡುತ್ತಿರುವುದು ಅದನ್ನೇ. ಹಲಗೆ ದೊಡ್ಡದಾಗಿದೆ, ಅಷ್ಟೇ.

ಎಷ್ಟು ದೊಡ್ಡದು? ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನ ಸುರಂಗ 27 ಕಿಲೋಮೀಟರ್ ಸುತ್ತಳತೆಯದು. ಡಿಕ್ಕಿಯಲ್ಲಿ ಹುಟ್ಟುವ ಕಣಗಳನ್ನು ಹಿಡಿಯುವ ಅಲ್ಲಿನ ಸಿಎಂಎಸ್ ಡಿಟೆಕ್ಟರ್ ಸುಮಾರು 14,000 ಟನ್ ತೂಗುತ್ತದೆ. ಅದರೊಳಗೆ ಪ್ರೋಟಾನ್ ಗುಂಪುಗಳು ಸೆಕೆಂಡಿಗೆ 4 ಕೋಟಿ ಸಲ ಎದುರುಬದುರಾಗುತ್ತವೆ. ಎಲ್ಲವನ್ನೂ ಉಳಿಸಿಕೊಳ್ಳಲು ಯಾವ ಡಿಸ್ಕೂ ಸಾಲದು. ಹಾಗಾಗಿ ಟ್ರಿಗರ್ ಎಂಬ ಜರಡಿ ಇದೆ. ಅದರ ಮೊದಲ ಹಂತ ಸುಮಾರು ನಾಲ್ಕು ಮೈಕ್ರೊಸೆಕೆಂಡಿನೊಳಗೆ ಬೇಕೋ ಬೇಡವೋ ತೀರ್ಮಾನಿಸುತ್ತದೆ. ಎಲ್ಲ ಹಂತ ದಾಟಿ ಕೊನೆಗೆ ಉಳಿಯುವುದು ಸೆಕೆಂಡಿಗೆ ಕೆಲವೇ ಸಾವಿರ. ಬಿಸಾಡಿದ್ದು ಮತ್ತೆ ಸಿಗುವುದಿಲ್ಲ. ಜರಡಿಯ ತೂತು ತಪ್ಪಾಗಿದ್ದರೆ ಹೊಸ ಕಣ ಬಂದು ಹೋದದ್ದೂ ತಿಳಿಯುವುದಿಲ್ಲ. ನಮ್ಮಲ್ಲಿ ಕೆಲವರಿಗೆ ನಿದ್ದೆ ಬಾರದಿರುವುದು ಇದೇ ಕಾರಣಕ್ಕೆ.

ಇಷ್ಟು ದೊಡ್ಡ ಯಂತ್ರ ಅಂದಮೇಲೆ ವೃತ್ತಿಯ ಲೆಕ್ಕವೂ ಬೇರೆಯೇ ಆಗುತ್ತದೆ. ಈ ಕೊಲೈಡರ್ ಬಗ್ಗೆ ಮೊದಲ ದೊಡ್ಡ ಕಾರ್ಯಾಗಾರ ನಡೆದದ್ದು 1984ರಲ್ಲಿ. ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. 2008ರ ಸೆಪ್ಟೆಂಬರ್ 10ರಂದು ಮೊದಲ ಪ್ರೋಟಾನ್ ಕಿರಣ ಸುತ್ತು ಹಾಕಿತು. ಒಂಬತ್ತೇ ದಿನಕ್ಕೆ ಆಯಸ್ಕಾಂತಗಳ ನಡುವಿನ ಒಂದು ವಿದ್ಯುತ್ ಜೋಡಣೆ ಕೆಟ್ಟು, ಹೀಲಿಯಂ ಸೋರಿ, ಒಂದು ವರ್ಷಕ್ಕೂ ಜಾಸ್ತಿ ಎಲ್ಲ ನಿಂತುಹೋಯಿತು. ಬೇರೆ ಮೂಲಕಣಗಳಿಗೆ ದ್ರವ್ಯರಾಶಿ ಬರುವ ಬಗೆಯನ್ನು ವಿವರಿಸುವ ಹಿಗ್ಸ್ ಬೋಸಾನ್ ಸಿಕ್ಕಿದ ಸುದ್ದಿ ಹೊರಬಂದದ್ದು 2012ರ ಜುಲೈ 4ರಂದು. ಮೊದಲ ಕಾರ್ಯಾಗಾರದಲ್ಲಿ ಮೂವತ್ತರ ಹರೆಯದಲ್ಲಿದ್ದವರು ಆ ಹೊತ್ತಿಗೆ ನಿವೃತ್ತಿಯ ಅಂಚಿನಲ್ಲಿದ್ದರು. ಪಿಎಚ್‌ಡಿಗೆ ಐದಾರು ವರ್ಷ, ಆಮೇಲೆ ಎರಡು ಮೂರು ವರ್ಷದ ಒಂದೊಂದು ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಕೆಲಸ. ಯಂತ್ರದ ಗಡಿಯಾರ ಇದಕ್ಕೆಲ್ಲ ಕಾಯುವುದಿಲ್ಲ. ಹಾಗಾಗಿ ಬೇರೆಯವರು ಕಟ್ಟಿದ ಡಿಟೆಕ್ಟರಿನ ಡೇಟಾದಲ್ಲಿ ನೀವು ಪ್ರಬಂಧ ಬರೆಯುತ್ತೀರಿ. ನೀವು ಬೆಸುಗೆ ಹಾಕಿದ ಸರ್ಕ್ಯೂಟಿನ ಡೇಟಾ, ಈಗ ಇನ್ನೂ ಶಾಲೆಯಲ್ಲಿರುವ ಯಾರಿಗೋ ಹೋಗುತ್ತದೆ.

ಹೆಸರಿನ ವಿಷಯಕ್ಕೆ ಬಂದರೆ, ಹಿಗ್ಸ್‌ನ ದ್ರವ್ಯರಾಶಿ ಅಳೆದು ಅಟ್ಲಾಸ್ (ಅದೇ ಕೊಲೈಡರಿನ ಇನ್ನೊಂದು ಡಿಟೆಕ್ಟರ್) ಮತ್ತು ಸಿಎಂಎಸ್ ತಂಡಗಳು 2015ರಲ್ಲಿ ಒಟ್ಟಾಗಿ ಪ್ರಕಟಿಸಿದ ಲೇಖನಕ್ಕೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳ ಪಟ್ಟಿ. ಇಲ್ಲಿ ಹೆಸರು ಅಕ್ಷರಮಾಲೆಯ ಪ್ರಕಾರ ಬರುತ್ತದೆ. ಯಾರು ಏನು ಮಾಡಿದರು ಅಂತ ಪಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಕೆಲಸ ಸಿಗುವುದು ಶಿಫಾರಸು ಪತ್ರಗಳಿಂದ, ಮೀಟಿಂಗ್‌ಗಳಲ್ಲಿ ನೀವು ಕೇಳಿದ ಪ್ರಶ್ನೆಗಳನ್ನು ಯಾರಾದರೂ ನೆನಪಿಟ್ಟುಕೊಂಡಿದ್ದರೆ. ಇದು ಸರಿಯಾದ ಪದ್ಧತಿ ಅಂತ ನನಗನಿಸುವುದಿಲ್ಲ. ಮೀಟಿಂಗ್‌ನಲ್ಲಿ ಬಾಯಿ ಬಿಡದ, ಆದರೆ ಕೆಟ್ಟ ಕೇಬಲ್ಲನ್ನು ಅರ್ಧ ಗಂಟೆಯಲ್ಲಿ ಪತ್ತೆ ಮಾಡುವ ಒಳ್ಳೆಯವರು ಕೆಲಸ ಬಿಟ್ಟು ಹೋದದ್ದನ್ನು ನೋಡಿದ್ದೇನೆ.

ಕೇಬಲ್ ಅಂದಾಗ ನೆನಪಾಯಿತು. 2011ರಲ್ಲಿ ಒಪೇರಾ ಪ್ರಯೋಗ ಒಂದು ವಿಚಿತ್ರ ಫಲಿತಾಂಶ ಮುಂದಿಟ್ಟಿತು. ಸರ್ನ್‌ನಿಂದ 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸ್ಸೊ ಪ್ರಯೋಗಾಲಯಕ್ಕೆ ನ್ಯೂಟ್ರಿನೊ ಎಂಬ ಅತಿ ಹಗುರ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಕಂಡಿತ್ತು. ಮುಖ್ಯ ಕಾರಣ, ಪೂರ್ತಿ ತಿರುಗಿಸಿ ಬಿಗಿ ಮಾಡದ ಒಂದು ಫೈಬರ್ ಕೇಬಲ್. ಆಮೇಲೆ ನಕ್ಕವರು ಬಹಳ. ಪ್ರಯೋಗದವರ್‍ಯಾರೂ ನಗಲಿಲ್ಲ. ನಮ್ಮ ಯಂತ್ರದಲ್ಲೂ ಅಂಥದ್ದೊಂದು ಇದೆ, ಯಾವುದು ಅಂತ ಗೊತ್ತಿಲ್ಲ ಅಷ್ಟೇ, ಅಲ್ವಾ?

ಯಂತ್ರ ಸರಿಯಿದ್ದರೂ ಲೆಕ್ಕ ಮೋಸ ಮಾಡಬಹುದು. 2015ರ ಡಿಸೆಂಬರಿನಲ್ಲಿ ಅಟ್ಲಾಸ್, ಸಿಎಂಎಸ್ ಎರಡೂ ತಂಡಗಳಿಗೆ 750 ಜಿಇವಿ (ಕಣಗಳ ದ್ರವ್ಯರಾಶಿ ಅಳೆಯುವ ಮಾನ) ಹತ್ತಿರ, ಹೊಸ ಕಣ ಇರಬಹುದೆನ್ನುವಂತೆ, ಎಣಿಕೆಯಲ್ಲಿ ಒಂದು ಉಬ್ಬು ಕಂಡಿತು. ಸಿದ್ಧಾಂತದವರು ನೂರಾರು ಲೇಖನ ಬರೆದರು. ಮುಂದಿನ ಆಗಸ್ಟ್‌ಗೆ ಡೇಟಾ ಹೆಚ್ಚಿತು, ಉಬ್ಬು ಮಾಯವಾಯಿತು. ಅದಕ್ಕೇ ಐದು ಸಿಗ್ಮಾ ಎಂಬ ಕಟ್ಟುನಿಟ್ಟು. ಹೊಸದೇನೂ ಇಲ್ಲದಿದ್ದರೂ ಅಂಥ ಏರಿಳಿತ ಸುಮ್ನೆ ಬಂದುಬಿಡುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದಾಗುವ ತನಕ ಕಂಡುಹಿಡಿದೆವು ಎನ್ನುವ ಹಾಗಿಲ್ಲ.

ನಮ್ಮ ಮೇಲೆ ನಮಗೇ ನಂಬಿಕೆ ಇಲ್ಲದ್ದರಿಂದ ಇನ್ನೊಂದು ಉಪಾಯವೂ ಇದೆ. ಹೊಸ ಕಣ ಇರಬಹುದಾದ ಜಾಗದ ಡೇಟಾವನ್ನು ಮುಚ್ಚಿಟ್ಟು ಕೆಲಸ ಮಾಡುತ್ತೇವೆ. ಅಕ್ಕಪಕ್ಕದ ಡೇಟಾ ನೋಡಿ ವಿಧಾನ ಗಟ್ಟಿ ಮಾಡುತ್ತೇವೆ. ಎಲ್ಲರ ಪ್ರಶ್ನೆ ಮುಗಿದ ಮೇಲೇ ಮುಚ್ಚಳ ತೆಗೆಯುವುದು. ನೋಡಿದ ಮೇಲೆ ವಿಧಾನ ಬದಲಿಸುವಂತಿಲ್ಲ.

ನನ್ನ ಪ್ರಬಂಧದ ಮುಚ್ಚಳ ತೆಗೆದದ್ದು ಒಂದು ಮಧ್ಯಾಹ್ನ. ನಾಲ್ಕು ವರ್ಷದ ಕೆಲಸ. ಹೊಸ ಕಣ ಇಲ್ಲದಿದ್ದರೆ ಹನ್ನೆರಡು ಘಟನೆ ಕಾಣಬೇಕು ಅಂತ ಲೆಕ್ಕ ಹಾಕಿದ್ದೆವು. ಬಟನ್ ಒತ್ತಿದೆ. ಪರದೆ ಮೇಲೆ ಹನ್ನೊಂದು. ಗೈಡ್ ಒಮ್ಮೆ ತಲೆಯಾಡಿಸಿ, "ಲೆಕ್ಕ ಸರಿಯಿದೆ" ಅಂದರು. ಆ ರಾತ್ರಿ ಕಂಟ್ರೋಲ್ ರೂಮಿನಲ್ಲಿ ನನ್ನ ಶಿಫ್ಟ್ ಇತ್ತು. ಹೋದೆ.